ಏಳು ಹಾಡು, ಒಂದು ಹಿತ್ತಾಳೆ ತಂಬಿಗೆ

ನನ್ನ ಮೊದಲ ಆಲ್ಬಂ ಊರಿಗೆ ಕೇಳಿಸಿದ ದಿನ ನಮ್ಮೂರಿನ ಅರ್ಧ ಹಾಲು ಡೈರಿಯಿಂದ ವಾಪಸ್ ಮನೆಗೆ ಬಂತು. ಹಾಡು ಕೇಳಿ ಜನ ಮೈಮರೆತು ನಿಂತುಬಿಟ್ಟರು ಎಂದು ಯಾರೂ ತಿಳಿಯಬಾರದು. ಹಾಗೇನೂ ಆಗಲಿಲ್ಲ. ನನ್ನ ಹಾಡನ್ನು ಯಾರೂ ಕೇಳಲೇ ಇಲ್ಲ, ಬರೀ ಎಣಿಸಿದರು. ಅದೇ ದೊಡ್ಡ ರಾದ್ಧಾಂತವಾಯಿತು.

ಇದು ಅರ್ಥವಾಗಬೇಕಾದರೆ ನಮ್ಮೂರಿನ ಗುಡಿಯ ಮೈಕಿನ ವಿಷಯ ಹೇಳಬೇಕು. ನನ್ನ ತವರು ಸೊರಬದ ಕಡೆ. ಮದುವೆಯಾಗಿ ಬಂದದ್ದು ಶಿರಾಳಕೊಪ್ಪದಿಂದ ಶಿಕಾರಿಪುರಕ್ಕೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿಕೊಂಡರೆ ಸಿಗುವ ಈ ಊರಿಗೆ. ಬಂದ ಮಾರನೇ ದಿನವೇ ಅತ್ತೆ ನನ್ನನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು ಪಾಠ ಶುರು ಮಾಡಿದರು.

"ನೋಡು ಹುಡುಗಿ, ಗುಡಿ ಮೈಕ್ನಾಗೆ ಮೊದಲ್ನೇ ಹಾಡು ಬಂತು ಅಂದ್ರೆ ಏಳಾದು. ಎರಡ್ನೇದಕ್ಕೆ ಕಸ, ಸಗಣಿ. ಮೂರನೇದಕ್ಕೆ ಹಿಂಡಾಕೆ ಕುಂತಿರ್ಬೇಕು. ಐದನೇದು ಶುರುವಾತಂದ್ರೆ ಕ್ಯಾನು ಕೈಯಾಗಿರ್ಬೇಕು. ಆರನೇದಕ್ಕೆ ಡೈರಿ ಮುಂದೆ ನಿಂತಿರ್ಬೇಕು. ಏಳನೇದು ಮುಗಿದ್ರೆ ಹಾಲಿನ ಗಾಡಿ ಹೊಂಟೋತು ಅಂತನೇ ತಿಳ್ಕ."

"ಮನೇಲಿ ಗಡಿಯಾರ ಇಲ್ವನ ಅತ್ತೆ?" ಎಂದೆ ನಾನು.

"ಐತಿ. ನಡುಮನೆಯಾಗೈತಿ. ಕೊಟ್ಟಿಗ್ಯಾಗೆ ಕುಂತು ನಡುಮನೆ ಗಡಿಯಾರ ನೋಡ್ತೀಯೇನು?" ಎಂದು ಅವರು ಒಳಗೆ ಹೋದರು.

ನಿಜಕ್ಕೂ ಇಡೀ ಊರು ಹಾಗೆಯೇ ನಡೆಯುತ್ತದೆ. ಪೂಜಾರಪ್ಪ ಬೆಳಗ್ಗೆ ಗುಡಿಯ ಬಾಗಿಲು ತೆಗೆದು ಸ್ವಿಚ್ ಹಾಕಿದರೆ ಅದದೇ ಏಳು ಭಕ್ತಿಗೀತೆ, ಅದದೇ ಸಾಲಿನಲ್ಲಿ. ಮೊದಲು ಕ್ಯಾಸೆಟ್ ಇತ್ತಂತೆ, ಆಮೇಲೆ ಸಿ.ಡಿ., ಈಗ ಪೆನ್‌ಡ್ರೈವ್. ಹಾಡು ಮಾತ್ರ ಬದಲಾಗಿಲ್ಲ. ಹಾಡಿದವರು ಯಾರು, ಯಾವ ದೇವರ ಮೇಲಿನ ಹಾಡು ಎಂದು ಕೇಳಿದರೆ ಅರ್ಧ ಊರಿಗೆ ಗೊತ್ತಿಲ್ಲ. ಅವುಗಳಿಗೆ ಇಲ್ಲಿ ಬೇರೆಯೇ ಹೆಸರು. ಕಸದ ಹಾಡು, ಹಿಂಡೋ ಹಾಡು, ಕ್ಯಾನಿನ ಹಾಡು. ಯಾರದಾದರೂ ಹಾಲು ತಡವಾದರೆ "ಕ್ಯಾನಿನ ಹಾಡು ಕೇಳಿಸ್ಲಿಲ್ಲೇನು ನಿಂಗೆ?" ಎಂದೇ ಬೈಯುವುದು.

ನಾನು ಸಂಗೀತದವಳು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆ. ಶಾಲೆಯಲ್ಲಿದ್ದಾಗ ಸೊರಬದಲ್ಲಿ ಒಬ್ಬ ಮೇಷ್ಟ್ರ ಹತ್ತಿರ ನಾಲ್ಕು ವರ್ಷ ಹಾರ್ಮೋನಿಯಂ ಕಲಿತಿದ್ದೆ. ಮದುವೆಯಾದ ಮೇಲೆ ಅದು ನಿಂತುಹೋಯಿತು. ನಿಂತದ್ದಕ್ಕೆ ಯಾರೂ ಕಾರಣರಲ್ಲ. ಗಂಡ ಬೇಡ ಅನ್ನಲಿಲ್ಲ, ಅತ್ತೆಯೂ ಅನ್ನಲಿಲ್ಲ. ಗೋವಿನಜೋಳ ಒಣಗಿಸುವುದು, ಎರಡು ಹಸು, ಶುಂಠಿಗೆ ನೀರು, ಇವುಗಳ ನಡುವೆ ಹಾಡು ಎಲ್ಲೋ ಜಾರಿಹೋಯಿತು, ನಾನೂ ಹುಡುಕಲಿಲ್ಲ. ಆಮೇಲೆ ಗಂಡ ನನ್ನ ಸಪ್ಪೆ ಮುಖ ನೋಡಲಾರದೆ ಶಿವಮೊಗ್ಗದಿಂದ ಒಂದು ಹಳೆಯ ಕೀಬೋರ್ಡ್ ತಂದುಕೊಟ್ಟರು. ಅದರ ಮುಂದೆ ಕೂತು ವರ್ಷಗಟ್ಟಲೆ ನನ್ನದೇ ಒಂದು ಹಾಡು ಕಟ್ಟಲು ನೋಡಿದೆ. ಏನು ಕಟ್ಟಿದರೂ ಎಲ್ಲೋ ಕೇಳಿದ ಸಿನಿಮಾ ಹಾಡಿನ ಹಾಗೇ ಬರುತ್ತಿತ್ತು. ಥೂ ಎಂದು ಮುಚ್ಚಿಡುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ.

ಒಂದು ದಿನ ಬೆಳಗ್ಗೆ ಹಿಂಡುವ ಸ್ಟೀಲ್ ಬಕೆಟ್ಟಿನ ಹಿಡಿ ಕಿತ್ತುಬಂತು. ಬೇರೆ ದಾರಿಯಿಲ್ಲದೆ ನಾನು ತವರಿನಿಂದ ತಂದಿದ್ದ ದೊಡ್ಡ ಹಿತ್ತಾಳೆ ತಂಬಿಗೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತೆ. ಮೊದಲ ಧಾರೆ ಬಿದ್ದಾಗ ನನ್ನ ಕೈ ನಿಂತೇಹೋಯಿತು. ಖಾಲಿ ಹಿತ್ತಾಳೆಯಲ್ಲಿ ಹಾಲು ಬಿದ್ದರೆ ಒಂದು ಶ್ರುತಿ ಬರುತ್ತದೆ. ಬಲಗೈಗೆ ಒಂದು, ಎಡಗೈಗೆ ಒಂದು, ಎರಡರ ನಡುವೆ ಕೂದಲೆಳೆಯ ವ್ಯತ್ಯಾಸ. ತಂಬಿಗೆ ತುಂಬುತ್ತಾ ಬಂದ ಹಾಗೆ ಆ ದನಿ ಬದಲಾಗುತ್ತದೆ. ನೊರೆ ಎದ್ದ ಮೇಲೆ ಗಟ್ಟಿ ದನಿ ಹೋಗಿ ಮೆತ್ತಗಿನ ಜುರ್ ಜುರ್ ಆಗುತ್ತದೆ. ಕೊನೆಕೊನೆಗೆ ಧಾರೆ ಸಣ್ಣಗಾಗಿ ಎರಡು ಬೆರಳಲ್ಲಿ ಹಿಂಡುವಾಗ ತಾಳವೂ ತಡವರಿಸುತ್ತದೆ. ಹದಿಮೂರು ವರ್ಷ ದಿನಾ ಎರಡು ಹೊತ್ತು ಇದನ್ನೇ ಮಾಡಿದ್ದೆ, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ನನ್ನ ಕಿವಿಗೆ ಏನಾಗಿತ್ತು ಎಂದು ನನ್ನ ಮೇಲೇ ಸಿಟ್ಟು ಬಂತು. ಹಸು ತಿರುಗಿ ನನ್ನನ್ನೇ ನೋಡುತ್ತಿತ್ತು, ಇವಳು ಹಿಂಡುವುದು ಬಿಟ್ಟು ಏನು ಮಾಡುತ್ತಿದ್ದಾಳೆ ಎನ್ನುವ ಹಾಗೆ.

ಅವತ್ತು ಆ ದನಿಗೆ ಸೇರಿಸಿಕೊಂಡು ಸುಮ್ಮನೆ ಏನೋ ಗುನುಗಿದೆ. ಮಾತು ಬಹಳ ಇರಲಿಲ್ಲ. ಮಾರನೇ ದಿನ ಅದಕ್ಕೆ ಇನ್ನೆರಡು ಸಾಲು ಬಂತು. ಬಕೆಟ್ಟಿಗೆ ಹಿಡಿ ಹಾಕಿಸಿ ತಂದ ಮೇಲೂ ನಾನು ತಂಬಿಗೆ ಬಿಡಲಿಲ್ಲ. ತುಂಬಿದರೆ ಬಕೆಟ್ಟಿಗೆ ಸುರಿದು ಮತ್ತೆ ಖಾಲಿ ತಂಬಿಗೆಯಿಂದ ಶುರು. "ಎರಡು ಸಲ ಪಾತ್ರೆ ತೊಳೆಯಾದು ಯಾವ ಸಂಪತ್ತಿಗೆ?" ಎಂದು ಅತ್ತೆ ಗೊಣಗಿದರು. ವರ್ಷ ಮುಗಿಯುವುದರೊಳಗೆ ಏಳು ಹಾಡಾದವು. ಒಂದೊಂದೂ ಒಂದು ಹಸುವಿನ ಹಾಲಿನಷ್ಟೇ ಉದ್ದ, ಖಾಲಿಯಲ್ಲಿ ಗಟ್ಟಿಯಾಗಿ ಶುರುವಾಗಿ ನೊರೆಯಲ್ಲಿ ಮುಗಿಯುತ್ತದೆ. ಜೀವನದಲ್ಲಿ ಮೊದಲ ಸಲ ನಾನು ಕಟ್ಟಿದ್ದು ಯಾರ ಹಾಡಿನ ಹಾಗೂ ಇರಲಿಲ್ಲ. ಅದರ ಸಂತೋಷ ಹೇಗಿತ್ತೆಂದರೆ, ಡೈರಿಯ ಸಾಲಿನಲ್ಲಿ ನಿಂತಾಗ ಒಬ್ಬಳೇ ನಗುತ್ತಿದ್ದೆ. ಜನ ಬೇರೆಯೇ ಸುದ್ದಿ ಇರಬೇಕೆಂದು ಅತ್ತೆಯನ್ನು ಕೇಳಿದ್ದೂ ಉಂಟು.

ರೆಕಾರ್ಡಿಂಗ್ ನಡೆದದ್ದು ಕೊಟ್ಟಿಗೆಯಲ್ಲೇ. ಗಂಡ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಸುತ್ತ ಹಗ್ಗಕ್ಕೆ ಹಾಕಿ ಗೂಡು ಮಾಡಿದರು. ಆನ್‌ಲೈನಲ್ಲಿ ತರಿಸಿದ ಪುಟ್ಟ ಮೈಕಿಗೆ ಅವರದೇ ಉಣ್ಣೆ ಕಾಲುಚೀಲ ತೊಡಿಸಿ ಜಂತಿಗೆ ನೇತುಹಾಕಿದೆ. ಹಸುವಿಗೆ ಕೌದಿ ತಿನ್ನುವ ಆಸೆ. ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಸರಿಯಾಗಿ ನಾನು ಬಾಯಿ ತೆರೆದಾಗಲೇ ಸ್ಟಾರ್ಟ್ ಆಗುವ ಆಸೆ. ಒಂದೊಂದು ಹಾಡಿಗೆ ಎಂಟು ಹತ್ತು ದಿನ ಹಿಡಿಯಿತು. ಕೀಬೋರ್ಡನ್ನು ಮಧ್ಯಾಹ್ನ ಒಳಗೆ ಕೂತು ಸೇರಿಸುತ್ತಿದ್ದೆ. ಎಲ್ಲವನ್ನೂ ಹದ ಮಾಡಿಕೊಟ್ಟವನು ಶಿವಮೊಗ್ಗದಲ್ಲಿ ಮನೆಯಲ್ಲೇ ಕೂತು ಇದೇ ಕೆಲಸ ಮಾಡುವ ಒಬ್ಬ ಯುವಕ. ಎರಡನೇ ಹಾಡಿನ ನಡುವೆ ನಮ್ಮ ಕಪ್ಪು ಹಸು ಒದ್ದು ತಂಬಿಗೆ ಉರುಳಿಸಿತ್ತು. ಅಲ್ಲಿಂದ ಮುಂದಕ್ಕೆ ಬೇರೆ ದಿನ ಕೆಂಪು ಹಸುವನ್ನು ಹಿಂಡಿದ್ದನ್ನು ಅವನು ಜೋಡಿಸಿಕೊಟ್ಟ. "ಗೊತ್ತಾಗಲ್ವನಪ್ಪ?" ಎಂದು ಕೇಳಿದೆ. "ಅಯ್ಯೋ ಅಕ್ಕಾ, ಹಾಲು ಹಿಂಡೋ ಸೌಂಡಲ್ಲಿ ಯಾರಿಗೆ ಏನು ಗೊತ್ತಾಗುತ್ತೆ! ಭೂಮಿ ಮೇಲೆ ಯಾರಿಗೂ ಗೊತ್ತಾಗಲ್ಲ" ಎಂದ.

ಅವನೇ ಕೊನೆಯ ಹಾಡು ಮುಗಿಸಿದ ದಿನ ಫೋನ್ ಮಾಡಿದ. "ಅಕ್ಕಾ, ಲಾಸ್ಟಲ್ಲಿ ಮ್ಯೂಸಿಕ್ ನಿಂತ ಮೇಲೆ ಯಾರೋ ಹೆಂಗಸು ಕೂಗ್ತಾರೆ. ಕಟ್ ಮಾಡ್ಲಾ?"

ನಾನು ಹಾಕಿ ಕೇಳಿದೆ. ಅತ್ತೆ. ಅಡುಗೆಮನೆಯಿಂದ, ಅವರದೇ ಗಂಟಲಲ್ಲಿ: "ಏ ಹುಡುಗಿ, ಚಾ ಆರ್ತಾ ಐತಿ, ಬರ್ತೀಯಾ ಇಲ್ಲಾ?"

"ಕಟ್ ಮಾಡಬೇಡ" ಎಂದೆ. ಯಾಕೆ ಎಂದು ಅವನು ಕೇಳಿದ್ದಕ್ಕೆ ಏನೋ ಹಾರಿಸಿ ಹೇಳಿದೆ. ನಿಜ ಏನೆಂದರೆ, ಆ ದನಿ ಕೇಳಿದಾಗ ನನಗೆ ಅಳು ಬಂದುಬಿಟ್ಟಿತ್ತು. ಈ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅತ್ತೆ ಒಂದು ದಿನವೂ ನನ್ನನ್ನು ಮುದ್ದಾಗಿ ಮಾತಾಡಿಸಿದವರಲ್ಲ, ಆದರೆ ಒಂದು ದಿನವೂ ನನ್ನನ್ನು ಬಿಟ್ಟು ಚಾ ಕುಡಿದವರೂ ಅಲ್ಲ. ಅದು ನನಗೆ ಹೊಳೆದದ್ದು ಇಯರ್‌ಫೋನಿನಲ್ಲಿ. ಅವರಿಗೆ ಮಾತ್ರ ಈ ವಿಷಯ ಹೇಳಲಿಲ್ಲ. ಕೇಳಿದಾಗ ಅವರಿಗೇ ಗೊತ್ತಾಗಲಿ ಎಂದುಕೊಂಡೆ.

ಆಲ್ಬಂ ಆ್ಯಪುಗಳಲ್ಲಿ ಬಂತು. ಬಂದ ದಿನ ಫೋನು ಟಿಣ್ ಟಿಣ್ ಎನ್ನುವುದು ನಿಲ್ಲಲಿಲ್ಲ. ತಂಗಿ, ಚಿಕ್ಕಮ್ಮನ ಮಕ್ಕಳು, ಶಾಲೆಯ ಗೆಳತಿಯರು, ಎಲ್ಲರೂ ಸೂಪರ್, ಹೆಬ್ಬೆರಳು, ಬೆಂಕಿ, ಹೃದಯ. ಅಡುಗೆ ಸೀದುಹೋಗುವಷ್ಟು ಖುಷಿಪಟ್ಟೆ. ಆಮೇಲೆ ಶಿವಮೊಗ್ಗದವನು ಇನ್ನೊಂದು ಪುಟ ತೋರಿಸಿದ. ಯಾರು ಎಷ್ಟು ಹೊತ್ತು ಕೇಳಿದರು ಎನ್ನುವ ಗೆರೆ ಅದರಲ್ಲಿರುತ್ತದಂತೆ. ನನ್ನ ಗೆರೆ ಶುರುವಾದ ಜಾಗದಿಂದ ಸೀದಾ ಬಾವಿಗೆ ಬಿದ್ದ ಕೊಡದ ಹಾಗೆ ಇಳಿದಿತ್ತು. ಹೆಚ್ಚಿನವರು ಒಂದು ನಿಮಿಷ ಕೇಳಿ, ಹೆಬ್ಬೆರಳು ಒತ್ತಿ, ಮುಂದೆ ಹೋಗಿದ್ದರು. ಕೊನೆಯ ಹಾಡಿನ ಕೊನೆಯಲ್ಲಿ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಒಬ್ಬರೆಂದರೆ ಒಬ್ಬರೂ ಅಲ್ಲಿಗೆ ತಲುಪಿರಲಿಲ್ಲ.

ನನಗೆ ತಲೆ ಕೆಟ್ಟಿತು. ಮೊದಲೇ ನನ್ನ ಮೂಗಿನ ತುದಿಯಲ್ಲಿ ಕೋಪ. ತಂಗಿಗೆ ಫೋನ್ ಮಾಡಿದೆ.

"ಎಲ್ಲಾ ಕೇಳಿದ್ಯನೇ?"

"ಹೂಂ ಕಣೇ, ಎಲ್ಲಾ ಕೇಳ್ದೆ. ಎಷ್ಟು ಚಂದ ಅದೆ ಅಂದ್ರೆ!"

"ಕೊನೇಲಿ ಎಂತ ಇತ್ತು?"

"ಕೊನೇಲಿ... ಅದೇ, ಹಾಡು ಇತ್ತು" ಎಂದಳು.

ಅಲ್ಲಿಂದ ಇದೇ ನನ್ನ ಪರೀಕ್ಷೆಯಾಯಿತು. ಹೊಗಳಿದವರನ್ನೆಲ್ಲ ಕೇಳಿದೆ, ಕೊನೆಯಲ್ಲಿ ಏನಿತ್ತು? ಒಬ್ಬಳು ವೀಣೆ ಎಂದಳು. ನಾನು ಜನ್ಮದಲ್ಲಿ ವೀಣೆ ಮುಟ್ಟಿಲ್ಲ. ಗಂಡನನ್ನು ಕೇಳಿದರೆ ತಲೆ ಕೆರೆದುಕೊಂಡು, ನಾಲ್ಕನೇ ಹಾಡಿಗೆ ನಿದ್ದೆ ಬಂದು ಆರಿಸಿದೆ, ಅಷ್ಟು ನೆಮ್ಮದಿಯಾಗಿತ್ತು ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅತ್ತೆಯನ್ನು ಕೇಳುವ ಧೈರ್ಯ ಬರಲಿಲ್ಲ. "ನಿನ್ನ ಹಾಡು ದಿನಾ ಕೊಟ್ಟಿಗ್ಯಾಗೆ ಕೇಳ್ತೀನಲ್ಲ, ಮತ್ತೆ ಪೋನ್ನಾಗೆ ಏನು ಕೇಳಾದು?" ಎಂದು ಅವರು ಮೊದಲೇ ಹೇಳಿದ್ದರು.

ಸಾವಿರ ಜನ ಕೇಳಲಿ ಎಂಬ ಆಸೆ ನನಗೆ ಇರಲಿಲ್ಲ. ದೇವರಾಣೆ ಇರಲಿಲ್ಲ. ಒಬ್ಬರು, ಒಬ್ಬರೇ ಒಬ್ಬರು, ಮೊದಲಿಂದ ಕೊನೆಯವರೆಗೆ ಕೇಳಿದರೆ ಸಾಕಿತ್ತು. ಹಾಗೆ ಒಬ್ಬರೂ ಇಲ್ಲದಿದ್ದರೆ ನಾನು ಮಾಡಿದ್ದು ಹಾಡೋ, ಬರೀ ನನ್ನ ಹುಚ್ಚೋ ಎಂದು ನನಗೆ ತಿಳಿಯುವುದು ಹೇಗೆ? ಒಬ್ಬರಾದರೂ ಸಿಗದಿದ್ದರೆ ಕೀಬೋರ್ಡ್ ಮಾರಿ ಸುಮ್ಮನೆ ಹಸು ಹಿಂಡಿಕೊಂಡಿರುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡೆ. ನನ್ನ ಆಣೆಗಳು ಹಗುರವಲ್ಲ.

ಆಗ ಗುಡಿಯ ಮೈಕು ನೆನಪಾಯಿತು. ಊರಿಗೆ ಊರೇ ದಿನಾ ಬೆಳಗ್ಗೆ ಏಳು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತದಲ್ಲ! ಅಲ್ಲೂ ಏಳು, ನನ್ನದೂ ಏಳು. ದೇವರೇ ಲೆಕ್ಕ ಹಾಕಿ ಕೊಟ್ಟಂತಿದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಪೂಜಾರಪ್ಪ ಒಳ್ಳೆಯವರು. "ನಮ್ಮ ಊರ ಸೊಸೆ ಹಾಡ್ಯಾಳ ಅಂದ್ರೆ ನಮಗೂ ಹೆಮ್ಮೇನೇ ಅಲ್ಲೇನವ್ವ? ಸ್ವಾಮಾರ ದಿನ ಹಾಕಾಣ" ಎಂದರು. ನನ್ನ ಹಾಡಿದ್ದ ಪೆನ್‌ಡ್ರೈವನ್ನು ವೀಳ್ಯದೆಲೆ ಮೇಲಿಟ್ಟು, ಕುಂಕುಮ ಹಚ್ಚಿ, ಬಸವಣ್ಣನ ಮುಂದೆ ಕಾಯಿ ಒಡೆದರು. ಕುಂಕುಮ ಅದರ ಬಾಯಿಯೊಳಗೆ ಹೋಗದಂತೆ ನಾನು ಸೆರಗಿನಿಂದ ಒರೆಸಿಕೊಂಡೆ.

ಸೋಮವಾರ. ಮಾರ್ಗಶಿರದ ಮಂಜು, ಹತ್ತು ಮಾರು ದೂರದ ಬೇಲಿ ಕಾಣುತ್ತಿರಲಿಲ್ಲ. ಮೈಕಿನಲ್ಲಿ ಖಾಲಿ ತಂಬಿಗೆಯ ದನಿ ಎದ್ದಿತು. ನಾನು ಕೊಟ್ಟಿಗೆಯಲ್ಲಿ ನಿಂತು ಕೇಳುತ್ತಿದ್ದೆ. ನನ್ನ ದನಿ ಮಂಜಿನ ಒಳಗಿಂದ, ಹೆಂಚಿನ ಮೇಲಿಂದ, ಕೆರೆಯ ಕಡೆಯಿಂದ ತಿರುಗಿ ನನ್ನ ಹತ್ತಿರವೇ ಬರುತ್ತಿತ್ತು. ಅಷ್ಟು ಸಂತೋಷ ನಾನು ಮತ್ತೆ ಪಟ್ಟಿಲ್ಲ. ಅಂದು ಗಡಿಯಾರ ನೋಡಬೇಕೆಂದು ನನಗೂ ಹೊಳೆಯಲಿಲ್ಲ.

ಗುಡಿಯ ಹಾಡು ಒಂದೊಂದು ಏಳೆಂಟು ನಿಮಿಷ. ನನ್ನದು ಹಸು ಹಾಲು ಕೊಟ್ಟಷ್ಟು ಹೊತ್ತು. ಮೊದಲನೆಯದೇ ಹನ್ನೆರಡು ನಿಮಿಷ. ಊರಿನ ಹೆಂಗಸರಿಗೆ ಹಾಡು ಬೇರೆ ಎಂದು ಗೊತ್ತಾಗಿತ್ತು, ಆದರೆ ಹಾಡು ಯಾವುದಾದರೇನು, ಎಣಿಸುವುದು ತಾನೆ? ಎರಡನೆಯದಕ್ಕೆ ನಿಧಾನವಾಗಿ ಕಸ ಹೊಡೆದರು. ಮೂರನೆಯದಕ್ಕೆ ಹಿಂಡಲು ಕೂತರು. ಐದನೆಯದು ಶುರುವಾದಾಗ ಎಲ್ಲರೂ ಎಂದಿನಂತೆ ಕ್ಯಾನ್ ಹಿಡಿದು ಹೊರಟರು. ಡೈರಿಯ ಹತ್ತಿರದ ಮನೆಯವರು ಗಾಡಿಯ ಹಾರ್ನ್ ಕೇಳಿ ಓಡಿ ಹೇಗೋ ಹಾಲು ಹಾಕಿದ್ದರು. ನಮ್ಮ ಮೇಲಿನ ಕೇರಿಯವರು ಹೋಗುವಷ್ಟರಲ್ಲಿ ಡೈರಿಯ ಮುಂದೆ ಗಾಡಿಯ ಟೈರಿನ ಗುರುತು ಮಾತ್ರ ಇತ್ತು.

ಗಲಾಟೆ ಎಂದರೆ ಗಲಾಟೆ. ಪೂಜಾರಪ್ಪ ಹೆದರಿ ಐದನೆಯ ಹಾಡನ್ನು ನಡುವೆಯೇ ಆರಿಸಿಬಿಟ್ಟರು. ನನ್ನ ದನಿ ಅರ್ಧ ಮಾತಿನಲ್ಲಿ ಕತ್ತರಿಸಿ ಹೋಯಿತು. ನಮ್ಮ ಎದುರುಮನೆಯ ಅಜ್ಜಿ, ಈ ಕೇರಿಯಲ್ಲೇ ಹೆಚ್ಚು ವರ್ಷ ಹಾಲು ಹಿಂಡಿದವರು, ತುಂಬಿದ ಕ್ಯಾನನ್ನು ನಮ್ಮ ಜಗಲಿಯ ಮೇಲೆ ಕುಕ್ಕಿ ನಿಂತರು.

"ಏನವ್ವಾ ತಾಯಿ, ನಿನ್ನ ಸಂಗೀತ ಕಟ್ಕಂಡು ನಮ್ಮ ಹಾಲು ಹೊಳಿಗೆ ಹಾಕ್ಬೇಕೇನು? ಹಾಡು ಅಂದ್ರೆ ಹಾಡಿನಷ್ಟು ಇರ್ಬೇಕು. ರೈಲು ಬಿಟ್ಟಂಗೆ ಬಿಟ್ಟೀಯಲ್ಲ!"

ಅತ್ತೆ ತಲೆ ಬಗ್ಗಿಸಿ ಅಜ್ಜಿಯ ಕ್ಯಾನನ್ನು ಅವರ ಮನೆಯವರೆಗೆ ಹೊತ್ತು ಕೊಟ್ಟು ಬಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿದ್ದು ಆಗ. ಅವತ್ತು ಇಡೀ ಮೇಲಿನ ಕೇರಿಯಲ್ಲಿ ಕೋವಾ ಕಾಯಿಸುವ ವಾಸನೆ. ಮಕ್ಕಳು ಮಾತ್ರ ನನ್ನನ್ನು ಕಂಡರೆ ನಗುತ್ತಿದ್ದವು, ಅವಕ್ಕೆ ಎರಡು ಹೊತ್ತೂ ಪಾಯಸ. ದೊಡ್ಡವರು ದಾರಿಯಲ್ಲಿ ಸಿಕ್ಕಿದರೆ "ಏನವ್ವ, ನಾಳೆ ಯಾವ ಹಾಡು? ಹೇಳಿಬಿಡು, ಬೇಗ ಏಳ್ತೀವಿ" ಎಂದು ಕಾಲೆಳೆಯುತ್ತಿದ್ದರು. ನಾನು ಸಿಟ್ಟು ನುಂಗಿಕೊಂಡು ನಡೆದೆ, ತಪ್ಪು ನನ್ನದೇ. ಮಂಗಳವಾರ ಹಳೆಯ ಏಳು ಹಾಡು ತಮ್ಮ ಜಾಗಕ್ಕೆ ವಾಪಸ್ ಬಂದವು. ಹಾಲೂ ಡೈರಿಗೆ ಹೋಯಿತು.

ನಾನು ಕೀಬೋರ್ಡನ್ನು ಗೊಬ್ಬರದ ಖಾಲಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಶಿರಾಳಕೊಪ್ಪದ ಒಬ್ಬ ಮೇಷ್ಟ್ರು ತಮ್ಮ ಶಾಲೆಗೆ ಬೇಕೆಂದು ಹಿಂದೆ ಕೇಳಿದ್ದರು. ಅವರಿಗೆ ಫೋನ್ ಮಾಡಿ, ಭಾನುವಾರ ಬಂದು ತಗೊಂಡು ಹೋಗಿ ಎಂದೆ. ಹಿಂಡುವಾಗ ಸ್ಟೀಲ್ ಬಕೆಟ್ಟನ್ನೇ ಇಟ್ಟುಕೊಂಡೆ, ಗುನುಗಲಿಲ್ಲ. ತಂಬಿಗೆಯನ್ನು ಅಟ್ಟಕ್ಕೆ ಹಾಕಿದೆ.

ಶನಿವಾರ ಮಧ್ಯಾಹ್ನ ಎದುರುಮನೆಯ ಅಜ್ಜಿ ಬಂದರು. ಕಂಕುಳಲ್ಲಿ ಮೊರ, ಮೊರದ ತುಂಬ ಅವರೆಕಾಯಿ. ಮತ್ತೆ ಬೈಯಲು ಬಂದರು ಎಂದುಕೊಂಡು ನಾನು ಎದ್ದು ನಿಂತೆ. ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತು ಕಾಯಿ ಸುಲಿಯತೊಡಗಿದರು.

"ಅವತ್ತು ಆ ಹಾಡು ಅರ್ಧಕ್ಕೆ ನಿಂತೋತಲ್ಲ" ಎಂದರು.

"ಹೌದು ಅಜ್ಜಿ. ತಪ್ಪಾಯ್ತು."

"ತಪ್ಪು ಒಪ್ಪು ಮಾತು ಬ್ಯಾಡ. ಅರ್ಧ ಹಿಂಡಿ ಬಿಡಬಾರ್ದು ಕಣೇ, ಕೆಚ್ಚಲಿಗೆ ಬಾವು ಬರ್ತತಿ. ಐದು ದಿನಾತು, ನನ್ನ ತಲ್ಯಾಗೆ ಅದೇ ಕುಂತೈತಿ. ಆ ಹಸು ಪೂರ್ತಿ ಕೊಡ್ತೋ ಇಲ್ಲೋ ಅಂತ. ಹಾಕು ನೋಡಾಣ. ಮೊದಲಿಂದ ಹಾಕು, ನಡುವಿಂದ ನಂಗೆ ಲೆಕ್ಕ ಸಿಗಲ್ಲ."

ಫೋನನ್ನು ಗಂಡನ ಪುಟ್ಟ ಸ್ಪೀಕರಿಗೆ ಜೋಡಿಸಿ ಜಗಲಿಯ ಕಂಬದ ಬುಡದಲ್ಲಿಟ್ಟು ಮೊದಲ ಹಾಡು ಹಾಕಿದೆ. ಅಜ್ಜಿ ತಲೆ ಎತ್ತಲಿಲ್ಲ. ಸುಲಿಯುತ್ತಾ ಸುಲಿಯುತ್ತಾ, "ಇದು ಸ್ಟೀಲ್ ಅಲ್ಲ, ಹಿತ್ತಾಳಿ" ಎಂದರು. ಸ್ವಲ್ಪ ಹೊತ್ತಿಗೆ, "ನಿನ್ನ ಎಡಗೈ ಸೋಮಾರಿ ಐತಿ" ಎಂದರು. ನನ್ನ ಎಡಗೈ ಸೋಮಾರಿ ಎನ್ನುವುದು ನಿಜ. ಹಾರ್ಮೋನಿಯಂ ಮೇಷ್ಟ್ರು ಹೇಳುತ್ತಿದ್ದರು, ಅವರ ನಂತರ ಹೇಳಿದ್ದು ಇವರೇ.

ಎರಡನೇ ಹಾಡು ಶುರುವಾಯಿತು. ನಡುವೆ ಅಜ್ಜಿಯ ಕೈ ಥಟ್ಟನೆ ನಿಂತಿತು.

"ಏ, ಇಲ್ಲಿ ಹಸು ಬದ್ಲಾತಲ್ಲೇ!"

ನಾನು ಸ್ಪೀಕರಿನ ಕಡೆ ನೋಡಿದೆ.

"ಇಲ್ಲೀಗಂಟ ಕರಿ ಹಸ. ಅದರ ಮೊಲೆ ಬಿಗಿ, ಧಾರಿ ಸಣ್ಣ. ಈಗ ಕೇಳು, ಧಾರಿ ದಪ್ಪ ಬಂತು. ಇದು ನಿಮ್ಮ ಕೆಂಪಂದು. ಒಂದನ್ನ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಯಾಕೆ ಕುಂತೆ?"

ಭೂಮಿ ಮೇಲೆ ಯಾರಿಗೂ ಗೊತ್ತಾಗಲ್ಲ ಎಂದಿದ್ದನಲ್ಲ ಆ ಶಿವಮೊಗ್ಗದ ಮಾರಾಯ! ಕಪ್ಪು ಹಸು ಒದ್ದದ್ದು, ತಂಬಿಗೆ ಉರುಳಿದ್ದು, ಬೇರೆ ದಿನದ್ದನ್ನು ಜೋಡಿಸಿದ್ದು ಎಲ್ಲ ಒಪ್ಪಿಕೊಂಡೆ. ಅಜ್ಜಿ "ಹಂಗೇನು" ಎಂದು ಮತ್ತೆ ಸುಲಿಯತೊಡಗಿದರು. "ಒದ್ದಿದ್ದನ್ನೂ ಇಡ್ಬೇಕಿತ್ತು. ಒದಿಯದ ಹಸ ಎಲ್ಲೈತಿ?" ಎಂದರು. ನನಗೆ ನಗು ಬಂತು, ಆದರೆ ಅವರು ಹೇಳಿದ್ದು ಸರಿ. ಆ ಹಾಡಿನಲ್ಲಿ ಏನೋ ಸುಳ್ಳಿದೆ ಎಂದು ನನಗೂ ಮೊದಲಿಂದ ಅನ್ನಿಸುತ್ತಿತ್ತು, ಯಾವ ಜಾಗ ಎಂದು ತಿಳಿದಿರಲಿಲ್ಲ.

ಹಾಡುಗಳು ಒಂದಾದ ಮೇಲೊಂದು ಹೋದವು. ಬಿಸಿಲು ಜಗಲಿಯ ಅಂಚಿನಿಂದ ಅಂಗಳಕ್ಕೆ ಇಳಿಯಿತು. ಐದನೆಯದು ಅವತ್ತು ನಿಂತ ಜಾಗಕ್ಕೆ ಬಂದಾಗ ಅಜ್ಜಿ ಕಿವಿಯನ್ನು ಸ್ವಲ್ಪ ಈ ಕಡೆ ತಿರುಗಿಸಿದರು. ಅದು ಮುಂದುವರಿದು, ಧಾರೆ ಸಣ್ಣಗಾಗಿ, ನೊರೆಯಲ್ಲಿ ಮುಗಿಯಿತು. "ಹೂಂ. ಪೂರ್ತಿ ಕೊಡ್ತು" ಎಂದರು. ಇನ್ನು ಎದ್ದುಹೋಗುತ್ತಾರೆ ಎಂದು ನಾನು ಕಾದೆ. ಅವರು ಏಳಲಿಲ್ಲ. ಆರನೆಯದು ಬಂತು. ಏಳನೆಯದೂ ಬಂತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಲೇ ಇತ್ತು.

ಕೀಬೋರ್ಡ್ ನಿಂತಿತು. ನನ್ನ ದನಿ ನಿಂತಿತು. ಇನ್ನೆರಡು ಧಾರೆ ನೊರೆಯಲ್ಲಿ ಮೆತ್ತಗೆ ಬಿದ್ದವು. ಆಮೇಲೆ ಸ್ಪೀಕರಿನಿಂದ ಅತ್ತೆ ಕೂಗಿದರು:

"ಏ ಹುಡುಗಿ, ಚಾ ಆರ್ತಾ ಐತಿ, ಬರ್ತೀಯಾ ಇಲ್ಲಾ?"

ಅಜ್ಜಿ ತಲೆ ಎತ್ತದೆ ನಮ್ಮ ಮನೆಯೊಳಕ್ಕೆ ಕೇಳುವಂತೆ ಕೂಗಿ ಹೇಳಿದರು: "ಬರ್ತಾಳ ತಡಿಯೇ, ಹಿಂಡಾದು ಈಗ ಮುಗೀತು!"

ಅಡುಗೆಮನೆಯಿಂದ ನಿಜವಾದ ಅತ್ತೆ, "ನಾನೆಲ್ಲಿ ಕರ್ದೆ?" ಎಂದರು.

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು, ಎರಡನ್ನೂ ತಡೆಯಲಾಗಲಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನು, ಸ್ಪೀಕರನ್ನು, ಬಾಗಿಲನ್ನು ನೋಡಿದರು. ಅತ್ತೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನಾನು ಆ ಕೊನೆಯ ತುಣುಕನ್ನು ಮತ್ತೊಮ್ಮೆ ಹಾಕಿದೆ.

"ಇದು ನಾನಾ?" ಎಂದರು ಅತ್ತೆ.

"ಹೌದು ಅತ್ತೆ."

"ಎಲ್ಲಾ ಕಡಿಗೂ ಹೋಗೈತಾ ಇದು?"

"ಎಲ್ಲಾ ಕಡೆಗೂ ಹೋಗ್ಯದೆ."

ಅವರು ಬಾಗಿಲಿಗೆ ಒರಗಿ ನಿಂತರು. ಬೈಯುತ್ತಾರೆ ಎಂದುಕೊಂಡೆ. "ಅಯ್ಯ, ಸ್ವಲ್ಪ ಮೆತ್ತಗೆ ಕರೀಬೋದಿತ್ತು ನಾನು" ಎಂದರು. ಆಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು, ಮೊರದಿಂದ ಒಂದು ಹಿಡಿ ಅವರೆಕಾಯಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಹಾಕು" ಎಂದರು.

"ಕೊನೇದನ್ನಾ ಅತ್ತೆ?"

"ಅಲ್ಲ. ಮೊದಲಿಂದ."

ಸಂಜೆ ಹಿಂಡುವ ಹೊತ್ತು ಮೀರಿತು. ಕೊಟ್ಟಿಗೆಯಲ್ಲಿ ಎರಡೂ ಹಸು ಕೂಗುತ್ತಿದ್ದವು, ನಾವು ಮೂವರೂ ಏಳಲಿಲ್ಲ. ಮಾರನೇ ದಿನ ಶಿರಾಳಕೊಪ್ಪದ ಮೇಷ್ಟ್ರು ಸ್ಕೂಟರಿಗೆ ಕಟ್ಟಲು ಹಗ್ಗವನ್ನೂ ತಂದುಕೊಂಡು ಬಂದರು. ಅವರಿಗೆ ಅವರೆಕಾಳಿನ ಉಪ್ಪಿಟ್ಟು ಕೊಟ್ಟೆ, ಎರಡು ಸಲ ಚಾ ಕೊಟ್ಟೆ, ಕೀಬೋರ್ಡ್ ಕೊಡದೆ ಕಳಿಸಿದೆ.